ಕಳೆದ ಹತ್ತು ನಿಮಿಷಕ್ಕೆ ಜವಾಬು ಕೊಡುವವರು ಯಾರು?

ಮೇ ತಿಂಗಳ ಮೊದಲ ವಾರದ ಭಾನುವಾರ, ಮಧ್ಯಾಹ್ನದ ಹೊತ್ತು. ಉಡುಪಿಯ ಒಂದು ಪರೀಕ್ಷಾ ಕೇಂದ್ರದ ಗೇಟಿನ ಹೊರಗೆ ಮರದ ನೆರಳು ಹುಡುಕಿ ನಿಂತ ಅಪ್ಪ-ಅಮ್ಮಂದಿರ ಗುಂಪು. ಕಾರ್ಕಳದಿಂದ ಬೈಲೂರು, ಹಿರಿಯಡಕ ದಾರಿಯಾಗಿ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದವರು ಇದ್ದಾರೆ. ಕಾಪುವಿನಿಂದ ಹೆದ್ದಾರಿ ಹಿಡಿದು ಬಂದವರಿದ್ದಾರೆ. ಮಣಿಪಾಲದ ಗುಡ್ಡೆ ಇಳಿದು ಕಾರಿನಲ್ಲಿ ಬಂದವರೂ ಇದ್ದಾರೆ. ಕೈಯಲ್ಲಿ ನೀರಿನ ಬಾಟಲಿ, ಮಗಳ ಚಪ್ಪಲಿ, ಮಗನ ವಾಚು, ಕಿವಿಯಿಂದ ಬಿಚ್ಚಿಸಿದ ಓಲೆ. ಒಂದೂವರೆಗೆ ಗೇಟು ಬಂದ್. ಎರಡಕ್ಕೆ ನೀಟ್ ಪರೀಕ್ಷೆ ಶುರು.

ಒಳಗೆ ಏನಾಗುತ್ತದೆಂದು ಹೊರಗಿನವರಿಗೆ ಗೊತ್ತಾಗುವುದು ಸಂಜೆ ಐದರ ಮೇಲೆಯೇ. ಅಲ್ಲಿಯತನಕ ಮರದಡಿಯ ಮಾತು ಒಂದೇ: "ಎಲ್ಲ ಸರಿ ಹೋದ್ರೆ ಸಾಕು ಮಾರಾಯ್ರೆ."

ಎಲ್ಲ ಸರಿ ಹೋದರೆ ಸಾಕು! ಎರಡು ವರ್ಷ ಓದಿದ ಮಗುವಿನ ಬಗ್ಗೆ ಅಲ್ಲ ಈ ಅಂಜಿಕೆ. ಮಗು ಓದಿದೆ, ಬರೆಯುತ್ತದೆ. ಭಯ ಬೇರೆಯದು. ಗೇಟಿನಲ್ಲಿ ನಿಂತವನು ಏನು ಬಿಚ್ಚಿಸುತ್ತಾನೋ, ಪ್ರಶ್ನೆಪತ್ರಿಕೆಯ ಕಟ್ಟು ಯಾವುದು ಒಡೆಯುತ್ತಾರೋ, ಗಂಟೆ ಸರಿಯಾಗಿ ಹೊಡೆಯುತ್ತಾರೋ ಇಲ್ಲವೋ, ಕರೆಂಟು ಇರುತ್ತದೋ ಇಲ್ಲವೋ ಎಂಬ ಭಯ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಕಳೆದ ಕೆಲವು ವರ್ಷಗಳಲ್ಲಿ ಒಂದಲ್ಲ ಒಂದು ಕಡೆ ಇವೆಲ್ಲವೂ ಆಗಿ ಹೋಗಿವೆ.

ಎಂಬತ್ತು ಸೆಕೆಂಡಿನ ಲೆಕ್ಕ

ಮೊದಲು ಒಂದು ಸಣ್ಣ ಲೆಕ್ಕ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದು ಪ್ರಶ್ನೆಗೆ 80 ಸೆಕೆಂಡು. ಓದಬೇಕು, ಲೆಕ್ಕ ಹಾಕಬೇಕು, ಓಎಂಆರ್ ಹಾಳೆಯಲ್ಲಿ ದುಂಡಗೆ ಕಪ್ಪು ತುಂಬಬೇಕು. 2025ರ ನೀಟ್‌ನಲ್ಲಿ 180 ಪ್ರಶ್ನೆಗೆ 180 ನಿಮಿಷ. ನಿಮಿಷಕ್ಕೊಂದು ಪ್ರಶ್ನೆ, ಪ್ರಶ್ನೆಗೆ ನಾಲ್ಕು ಅಂಕ.

ಹಾಗಾದರೆ ಕೊಠಡಿಯಲ್ಲಿ ಹತ್ತು ನಿಮಿಷ ಗೊಂದಲವಾದರೆ ಹೋಗುವುದೆಷ್ಟು? ಸಿಇಟಿಯಲ್ಲಿ ಏಳು ಪ್ರಶ್ನೆ ದಾಟಿ ಎಂಟನೆಯದರ ಅರ್ಧ. ನೀಟ್‌ನಲ್ಲಿ ಹತ್ತು ಪ್ರಶ್ನೆ, ನಲವತ್ತು ಅಂಕ. ಒಂದೊಂದು ಅಂಕದ ಮೇಲೆ ಸಾವಿರಾರು ಮಂದಿ ಸಾಲುಗಟ್ಟಿ ನಿಂತಿರುವ ಪರೀಕ್ಷೆಯಲ್ಲಿ ನಲವತ್ತು ಅಂಕ ಎಂದರೆ ಸರ್ಕಾರಿ ಸೀಟು ಹೋಗಿ ಖಾಸಗಿ ಸೀಟೂ ಕೈಗೆಟುಕದೆ ಮನೆಯಲ್ಲಿ ಕೂರುವ ಅಂತರ. "ಹತ್ತು ನಿಮಿಷ ತಾನೆ, ದೊಡ್ಡ ಸಂಗತಿ ಎಂತ?" ಎಂದು ಕೇಳುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಈ ಪರೀಕ್ಷೆ ಬಂದದ್ದಾದರೂ ಯಾಕೆ?

ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದದ್ದು 1953ರಲ್ಲಿ, ಇಂಜಿನಿಯರಿಂಗ್ ಕಾಲೇಜು ಬಂದದ್ದು 1957ರಲ್ಲಿ. ಬೋಳು ಗುಡ್ಡೆಯೊಂದು ಲೋಕಕ್ಕೇ ಗೊತ್ತಿರುವ ಊರಾಯಿತು. ಆಮೇಲೆ ರಾಜ್ಯದ ತುಂಬ ಖಾಸಗಿ ಕಾಲೇಜುಗಳೆದ್ದವು, ಜತೆಗೆ ಡೊನೇಶನ್ ಎಂಬ ಮಾತೂ ಎದ್ದಿತು. ಅದನ್ನು ತಡೆಯಲು 1984ರಲ್ಲಿ ರಾಜ್ಯ ಸರ್ಕಾರ ಕಾನೂನು ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣ, 1993ರಲ್ಲಿ ಉಣ್ಣಿಕೃಷ್ಣನ್ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದವು. ಅದರ ಬೆನ್ನಿಗೆ 1994ರಲ್ಲಿ ಕರ್ನಾಟಕದಲ್ಲಿ ಸಿಇಟಿ ಶುರುವಾಯಿತು. ಮುಂದೆ 2002ರಲ್ಲಿ ಹನ್ನೊಂದು ಮಂದಿ ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳ ಹಕ್ಕಿನ ಬಗ್ಗೆ ಕೊಟ್ಟ ತೀರ್ಪಿಗೆ ಅಂಟಿಕೊಂಡ ಹೆಸರೂ ಟಿ.ಎಂ.ಎ. ಪೈ ಪ್ರತಿಷ್ಠಾನದ್ದೇ.

ಸಿಇಟಿ ಬಂದಾಗ ಸಾಮಾನ್ಯರು ಉಸಿರು ಬಿಟ್ಟರು. ಕಾರ್ಕಳದ ಗೇರುಬೀಜದ ಕಾರ್ಖಾನೆಗೆ ಹೋಗುವ ತಾಯಿಯ ಮಗಳು, ಕಾಪು ಕಡೆಯಲ್ಲಿ ಬೀಡಿ ಕಟ್ಟುವ ಮನೆಯ ಹುಡುಗ, ದೋಣಿಗೆ ಹೋಗುವವರ ಮನೆಯ ಕುಡಿ, ಎಲ್ಲರೂ ಒಂದೇ ಪ್ರಶ್ನೆಪತ್ರಿಕೆಗೆ, ಒಂದೇ ಗಂಟೆಗೆ ಕೂರಬಹುದು. ಅಪ್ಪನ ಪರ್ಸು ಯಾರೂ ನೋಡುವುದಿಲ್ಲ, ರ‍್ಯಾಂಕು ನೋಡುತ್ತಾರೆ. ವೈದ್ಯಕೀಯಕ್ಕೆ ಈಗ ನೀಟ್, ಇಂಜಿನಿಯರಿಂಗಿಗೆ ಸಿಇಟಿ. ಹೆಸರು ಬದಲಾಯಿತು, ತತ್ವ ಅದೇ. ಎಲ್ಲರಿಗೂ ಒಂದೇ ಅಳತೆ.

ಆದರೆ ಅಳತೆಯ ಕೋಲು ಒಂದು ಕೊಠಡಿಯಲ್ಲಿ ಹತ್ತು ನಿಮಿಷ ಗಿಡ್ಡವಾದರೆ? ಉಳ್ಳವರ ಮಗ ಇನ್ನೊಂದು ವರ್ಷ ಕೋಚಿಂಗಿಗೆ ಹೋಗುತ್ತಾನೆ, ಇಲ್ಲವೇ ಮ್ಯಾನೇಜ್‌ಮೆಂಟ್ ಸೀಟು ಹಿಡಿಯುತ್ತಾನೆ. ಬೀಡಿ ಕಟ್ಟುವ ಮನೆಯ ಹುಡುಗನಿಗೆ ಆ ಎರಡೂ ದಾರಿ ಇಲ್ಲ. ಪರೀಕ್ಷಾ ಕೊಠಡಿಯ ಗೊಂದಲ ಎಲ್ಲರಿಗೂ ಸಮಾನ ಎಂದು ಹೇಳುವುದು ಬಾಯಿಮಾತು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಗೇಟಿನಿಂದಲೇ ಶುರು ಮಾಡೋಣ. 2023ರ ಅಕ್ಟೋಬರ್ ಕೊನೆಯಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಿಗಮ-ಮಂಡಳಿಗಳ ನೌಕರಿಗೆ ಪರೀಕ್ಷೆ ನಡೆಸಿತು. ಕಲಬುರಗಿ, ಯಾದಗಿರಿ ಕಡೆ ಬ್ಲೂಟೂತ್ ಅಡಗಿಸಿಟ್ಟುಕೊಂಡು ಬರೆದವರು ಸಿಕ್ಕಿಬಿದ್ದರು. ಮುಂದಿನ ತಿಂಗಳೇ ಉಡುಪಿನ ನಿಯಮ ಬಿಗಿಯಾಯಿತು. ತುಂಬುತೋಳಿನ ಅಂಗಿ ಬೇಡ, ತಲೆ-ಕಿವಿ ಮುಚ್ಚುವಂಥದ್ದು ಬೇಡ, ಆಭರಣ ಬೇಡ. ಮಂಗಳಸೂತ್ರ, ಕಾಲುಂಗುರ ಇರಲಿ ಎಂದು ಹೇಳಬೇಕಾದದ್ದು ಗಲಾಟೆ ಎದ್ದ ಮೇಲೆ.

ಕದ್ದವರು ಯಾರೋ ನೌಕರಿ ಆಕಾಂಕ್ಷಿಗಳು. ತಪಾಸಣೆಯ ಬಿಸಿ ತಟ್ಟಿದ್ದು ಪಿಯುಸಿ ಮುಗಿಸಿದ ಹದಿನೆಂಟರ ಮಕ್ಕಳಿಗೆ. 2025ರ ಏಪ್ರಿಲ್ 16 ಮತ್ತು 17ರಂದು ಸಿಇಟಿ ನಡೆಯಿತಲ್ಲ? ಶಿವಮೊಗ್ಗದ ಒಂದು ಕೇಂದ್ರದ ಗೇಟಿನಲ್ಲಿ ಜನಿವಾರ ತೆಗೆಯಿರಿ ಎಂದರು. ಬೀದರಿನ ಒಂದು ಕೇಂದ್ರದಲ್ಲಿ ಮೊದಲ ದಿನ ಜನಿವಾರದೊಂದಿಗೇ ಭೌತಶಾಸ್ತ್ರ, ರಸಾಯನಶಾಸ್ತ್ರ ಬರೆದ ಹುಡುಗನನ್ನು ಮರುದಿನ ಗಣಿತದ ಪರೀಕ್ಷೆಗೆ ಒಳಗೇ ಬಿಡಲಿಲ್ಲ. ನಿನ್ನೆ ಇಲ್ಲದ ನಿಯಮ ಇವತ್ತು ಎಲ್ಲಿಂದ ಬಂತು? ಜನಿವಾರ ತೆಗೆಸಿ ಎಂದು ನಾವು ಹೇಳಿಯೇ ಇಲ್ಲ ಎಂದಿತು ಪ್ರಾಧಿಕಾರ. ತಪ್ಪಾಗಿದೆ ಎಂದರು ಮಂತ್ರಿಗಳು. ಗೃಹರಕ್ಷಕರ ಮೇಲೆ, ಕಾಲೇಜಿನವರ ಮೇಲೆ ಕ್ರಮವಾಯಿತು. ಮೇ 4ರಂದು ಕಲಬುರಗಿಯ ನೀಟ್ ಕೇಂದ್ರವೊಂದರಲ್ಲಿ ಅದೇ ಜನಿವಾರದ ರಗಳೆ ಮತ್ತೊಮ್ಮೆ. ಮೂರು ವಾರದಲ್ಲೂ ಪಾಠ ಕಲಿತಿರಲಿಲ್ಲ.

ಪರೀಕ್ಷೆಯ ಬಾಗಿಲಿಗೆ ಜಗಳ ಬಂದು ನಿಂತರೆ ಏನಾಗುತ್ತದೆ ಎಂಬುದು ಉಡುಪಿಗೆ ಚೆನ್ನಾಗಿ ಗೊತ್ತು. ಹಿಜಾಬಿನ ವಿವಾದ ಹುಟ್ಟಿದ್ದು ಇಲ್ಲಿಯೇ. 2022ರ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು. ಏಪ್ರಿಲ್ 22ರಂದು ದ್ವಿತೀಯ ಪಿಯುಸಿ ಪರೀಕ್ಷೆಯ ಮೊದಲ ದಿನ, ಕೋರ್ಟಿಗೆ ಹೋಗಿದ್ದ ವಿದ್ಯಾರ್ಥಿನಿಯರಲ್ಲಿ ಇಬ್ಬರು ನಮ್ಮೂರಿನ ಕೇಂದ್ರಕ್ಕೆ ಬಂದು, ಅನುಮತಿ ಸಿಗದೆ, ಪರೀಕ್ಷೆ ಬರೆಯದೆ ವಾಪಸು ಹೋದರು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಇಬ್ಬಗೆಯ ತೀರ್ಪು ಕೊಟ್ಟರು. ಆ ವಿವಾದದಲ್ಲಿ ಯಾರು ಸರಿ ಎಂಬುದು ಈ ಅಂಕಣದ ವಿಷಯವಲ್ಲ. ಬೀದರಿಗೂ ಉಡುಪಿಗೂ ಒಂದು ವ್ಯತ್ಯಾಸ ಇದೆ. ಇಲ್ಲಿ ಕೋರ್ಟಿನ ಆದೇಶ ಎಲ್ಲರಿಗೂ ತಿಳಿದಿತ್ತು, ಅಲ್ಲಿ ಇಲ್ಲದ ನಿಯಮವನ್ನು ಗೇಟಿನವರೇ ಹುಟ್ಟಿಸಿದರು. ಎರಡು ಕಡೆಯಲ್ಲೂ ಒಂದು ಮಾತ್ರ ಸಮಾನ. ಗೇಟಿನಿಂದ ಹಿಂದೆ ಹೋದ ಮಗುವಿಗೆ ಆ ಪರೀಕ್ಷೆ ಹೋಯಿತು.

ಎರಡು ಬ್ಯಾಂಕು, ಎರಡು ಕಟ್ಟು

ಇನ್ನು ಗೇಟು ದಾಟಿ ಒಳಗೆ ಹೋದವರ ಕಥೆ. 2024ರ ಮೇ 5ರಂದು ನಡೆದ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಪ್ರಶ್ನೆಪತ್ರಿಕೆಯ ಎರಡು ಸೆಟ್ಟು ತಯಾರಿಸಿ ಒಂದನ್ನು ಸ್ಟೇಟ್ ಬ್ಯಾಂಕಿನಲ್ಲಿ, ಇನ್ನೊಂದನ್ನು ಕೆನರಾ ಬ್ಯಾಂಕಿನಲ್ಲಿ ಇಟ್ಟಿದ್ದರು. ಕೆನರಾ ಬ್ಯಾಂಕು ಅಂದರೆ ನಮ್ಮ ಕರಾವಳಿಯದ್ದೇ. ಅಮ್ಮೆಂಬಳ ಸುಬ್ಬರಾವ್ ಪೈಯವರು 1906ರಲ್ಲಿ ಮಂಗಳೂರಿನಲ್ಲಿ ಕಟ್ಟಿದ್ದು. ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ರಂದು ಸೇರಿಹೋದದ್ದೂ ಅದಕ್ಕೇ. ಬ್ಯಾಂಕಿನವರು ಕಟ್ಟನ್ನು ಭದ್ರವಾಗಿ ಇಟ್ಟಿದ್ದರು, ಅವರ ತಪ್ಪೇನಿಲ್ಲ. ಆ ದಿನ ಒಡೆಯಬೇಕಾಗಿದ್ದದ್ದು ಸ್ಟೇಟ್ ಬ್ಯಾಂಕಿನ ಕಟ್ಟು. ಕೆಲವು ಊರುಗಳಲ್ಲಿ ಪರೀಕ್ಷೆ ನಡೆಸುವವರು ಕೆನರಾ ಬ್ಯಾಂಕಿನ ಕಟ್ಟನ್ನೂ ತಂದು ಹಂಚಿಬಿಟ್ಟರು. ಹರಿಯಾಣದ ಝಜ್ಜರ್‌ನಲ್ಲಿ ಗಲಿಬಿಲಿ. ತಪ್ಪು ಪತ್ರಿಕೆ ಹಂಚುವುದು, ವಾಪಸು ಪಡೆಯುವುದು, ಸರಿಯಾದದ್ದು ಕೊಡುವುದು, ಇದರಲ್ಲಿ ನಿಮಿಷಗಳು ಹಾರಿಹೋದವು.

ಹೋದ ನಿಮಿಷಕ್ಕೆ ಪರಿಹಾರ ಏನು? ಪರೀಕ್ಷೆ ನಡೆಸುವ ರಾಷ್ಟ್ರೀಯ ಸಂಸ್ಥೆ ಹೊಸ ಉಪಾಯ ಮಾಡಿತು. ಆರು ಕೇಂದ್ರಗಳ 1,563 ಮಂದಿಗೆ ಕೃಪಾಂಕ! ಯಾರಿಗೂ ಹೇಳಲಿಲ್ಲ. ಜೂನ್ 4ರಂದು ಫಲಿತಾಂಶ ಬಂದಾಗ ಕೆಲವರಿಗೆ 718, 719 ಅಂಕ. ಲೆಕ್ಕ ಗೊತ್ತಿದ್ದ ಮಕ್ಕಳು ಕಣ್ಣು ಬಿಟ್ಟರು. ಒಟ್ಟು 720ರಲ್ಲಿ ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪು ಮಾಡಿದರೆ 715. 719 ಬರಲಿಕ್ಕೆ ದಾರಿಯೇ ಇಲ್ಲ. ಗುಟ್ಟು ರಟ್ಟಾಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಜೂನ್ 13ರಂದು ಕೃಪಾಂಕ ರದ್ದಾಯಿತು, ಜೂನ್ 23ಕ್ಕೆ ಮರುಪರೀಕ್ಷೆ ಇಟ್ಟರು. 1,563 ಮಂದಿಯಲ್ಲಿ ಬಂದು ಬರೆದವರು 813.

ಈ ಕೃಪಾಂಕದ ಸೂತ್ರ ಎಲ್ಲಿಂದ ಬಂತು ಗೊತ್ತೋ? 2018ರಲ್ಲಿ ಕಾನೂನು ಕಾಲೇಜುಗಳ ಪ್ರವೇಶಕ್ಕಾಗಿ ನಡೆದ ಕ್ಲಾಟ್ ಪರೀಕ್ಷೆಯಿಂದ. ಅದು ಕಂಪ್ಯೂಟರಿನಲ್ಲಿ ನಡೆದದ್ದು. ಕಂಪ್ಯೂಟರು ಕೈಕೊಟ್ಟಾಗ ಯಾರಿಗೆ ಎಷ್ಟು ಹೊತ್ತು ಹೋಯಿತು ಎಂದು ಯಂತ್ರದಲ್ಲೇ ದಾಖಲೆ ಉಳಿಯುತ್ತದೆ. ಅದನ್ನು ಇಟ್ಟುಕೊಂಡು ಲೆಕ್ಕ ಕಟ್ಟಬಹುದು. ನೀಟ್ ಕಾಗದದ ಪರೀಕ್ಷೆ. ಯಾರ ಬೆಂಚಿನಲ್ಲಿ ಎಷ್ಟು ನಿಮಿಷ ಹೋಯಿತು ಎಂದು ಅಲ್ಲಿ ಬರೆದಿಟ್ಟವರು ಯಾರು? ಆಮೇಲೆ ಅವರಿವರ ವರದಿ, ಕ್ಯಾಮರಾದ ಚಿತ್ರ ತಿರುವಿ ಹಾಕಿ ಅಂದಾಜು ಕಟ್ಟುವ ಪಾಡು. ಒಬ್ಬನಿಗೆ ಆದ ಅನ್ಯಾಯ ತೊಳೆಯಲು ಹೋಗಿ ಇಪ್ಪತ್ತಮೂರು ಲಕ್ಷ ಮಂದಿಗೆ ಅನುಮಾನ ಹಚ್ಚಿದ ಹಾಗಾಯಿತು. ಅತ್ತ ಬಿಹಾರ, ಜಾರ್ಖಂಡ್ ಕಡೆ ಪ್ರಶ್ನೆಪತ್ರಿಕೆ ಸೋರಿದ್ದೂ ಹೊರಬಿತ್ತು. ಆದರೂ ಇಡೀ ಪರೀಕ್ಷೆ ರದ್ದು ಮಾಡುವಷ್ಟು ಆಧಾರವಿಲ್ಲ ಎಂದು ಸುಪ್ರೀಂ ಕೋರ್ಟ್ ಜುಲೈ 23ರಂದು ಹೇಳಿತು. ಅಷ್ಟು ಹೊತ್ತಿಗೆ ಮಕ್ಕಳು ಎರಡೂವರೆ ತಿಂಗಳು ನಿದ್ದೆಗೆಟ್ಟಿದ್ದರು.

ಓದದ ಪಾಠದ ಐವತ್ತು ಪ್ರಶ್ನೆ

ದಿಲ್ಲಿಯವರಷ್ಟೇ ತಪ್ಪು ಮಾಡಿದರು, ನಮ್ಮ ಬೆಂಗಳೂರಿನವರು ಭಾರೀ ಜಾಗ್ರತೆ ಎಂದುಕೊಳ್ಳುವುದು ಬೇಡ. ಅದೇ 2024ರ ಏಪ್ರಿಲ್ 18, 19ರಂದು ನಡೆದ ಸಿಇಟಿಯಲ್ಲಿ ಪಠ್ಯದಿಂದ ತೆಗೆದುಹಾಕಿದ್ದ ಭಾಗದ ಪ್ರಶ್ನೆಗಳೇ ಬಂದವು. ಕೊನೆಗೆ ಕೈಬಿಟ್ಟದ್ದು ಗಣಿತದಲ್ಲಿ 15, ರಸಾಯನಶಾಸ್ತ್ರದಲ್ಲಿ 15, ಜೀವಶಾಸ್ತ್ರದಲ್ಲಿ 11, ಭೌತಶಾಸ್ತ್ರದಲ್ಲಿ 9. ಒಟ್ಟು 240ರಲ್ಲಿ 50. ಉಳಿದ ಪ್ರಶ್ನೆಗಳಿಗೆ ಮಾತ್ರ ಅಂಕ ಎಂದರು.

ಕಾಗದದ ಮೇಲೆ ನ್ಯಾಯವಾಯಿತು. ಕೊಠಡಿಯೊಳಗೆ ಏನಾಗಿತ್ತು? ಪ್ರಾಮಾಣಿಕ ಮಗು ಆ ಹದಿನೈದು ಪ್ರಶ್ನೆಗಳ ಮುಂದೆ ಕೂತು ತಲೆ ಕೆರೆದುಕೊಂಡಿತು. "ನಾನು ಓದಲಿಲ್ಲವಾ? ಮೇಷ್ಟ್ರು ಪಾಠ ಮಾಡಲಿಲ್ಲವಾ?" ಎಂದು ಗಾಬರಿಯಾಯಿತು. ಗೊತ್ತಿದ್ದ ಪ್ರಶ್ನೆಗೆ ಇಡಬೇಕಾಗಿದ್ದ ಹೊತ್ತು ಅಲ್ಲಿ ಹೋಯಿತು. ಗೊತ್ತಿಲ್ಲ ಎಂದು ಥಟ್ಟನೆ ಹಾರಿ ಮುಂದೆ ಹೋದವನಿಗೆ ಲಾಭ, ಕೂತು ಯೋಚಿಸಿದವನಿಗೆ ನಷ್ಟ. ಪ್ರಶ್ನೆ ಕೈಬಿಡಬಹುದು, ಅದಕ್ಕೆ ಸುರಿದ ನಿಮಿಷ ಕೈಬಿಡಲಿಕ್ಕೆ ಆಗುತ್ತದಾ?

ರೈಲು, ಕರೆಂಟು, ಕಂಪ್ಯೂಟರು

2019ರ ಮೇ 5. ಅಂದೂ ನೀಟ್. ಹುಬ್ಬಳ್ಳಿಯಿಂದ ಬಳ್ಳಾರಿ ಸೀಮೆ ದಾಟಿ ಬೆಂಗಳೂರಿಗೆ ಬೆಳಿಗ್ಗೆ ಮುಟ್ಟಬೇಕಾದ ಹಂಪಿ ಎಕ್ಸ್‌ಪ್ರೆಸ್ ತಾಸುಗಟ್ಟಲೆ ತಡವಾಗಿ ಮಧ್ಯಾಹ್ನದ ಮೇಲೆ ಬಂತು. ಉತ್ತರ ಕರ್ನಾಟಕದ ನೂರಾರು ಮಕ್ಕಳಿಗೆ ಗೇಟಿನ ಮುಖವೂ ಕಾಣಲಿಲ್ಲ. ಆ ಮಕ್ಕಳ ಪುಣ್ಯ, ಅವರಿಗೆ ಮೇ 20ರಂದು ಇನ್ನೊಂದು ಅವಕಾಶ ಸಿಕ್ಕಿತು. ಹೇಗೆ? ಫನಿ ಚಂಡಮಾರುತದಿಂದಾಗಿ ಒಡಿಶಾದ ಪರೀಕ್ಷೆಯನ್ನು ಆ ದಿನಕ್ಕೆ ಮುಂದೂಡಿದ್ದರು. ಆ ಪಂಕ್ತಿಯಲ್ಲೇ ನಮ್ಮವರಿಗೂ ಎಲೆ ಹಾಕಿದರು. ಒಡಿಶಾಕ್ಕೆ ಗಾಳಿ ಬೀಸದಿದ್ದರೆ ನಮ್ಮ ಮಕ್ಕಳ ಗತಿ ಏನಾಗುತ್ತಿತ್ತು ಎಂದು ಯೋಚಿಸಿ.

2025ರ ಮೇ 4ರ ನೀಟ್ ದಿನ ಮಧ್ಯಪ್ರದೇಶದ ಇಂದೋರಿನಲ್ಲಿ ಮಳೆ-ಗಾಳಿಗೆ ಕರೆಂಟು ಹೋಯಿತು, ಮಕ್ಕಳು ಮಬ್ಬು ಬೆಳಕಿನಲ್ಲಿ ಬರೆದರು. ಹೈಕೋರ್ಟಿನ ಏಕಸದಸ್ಯ ಪೀಠ ಜೂನ್ ಕೊನೆಗೆ ಮರುಪರೀಕ್ಷೆ ಮಾಡಿ ಎಂದಿತು. ಜುಲೈಯಲ್ಲಿ ವಿಭಾಗೀಯ ಪೀಠ ಬೇಡವೆಂದಿತು. ಸುಪ್ರೀಂ ಕೋರ್ಟೂ ಮರುಪರೀಕ್ಷೆಗೆ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು.

ಇಂದೋರ್ ಎಲ್ಲಿ, ನಮ್ಮ ಉಡುಪಿ ಎಲ್ಲಿ ಎನ್ನಬೇಡಿ. ಏಪ್ರಿಲ್-ಮೇ ತಿಂಗಳಲ್ಲಿ ಘಟ್ಟದ ಬುಡದ ಕಾರ್ಕಳದಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗುಡುಗಿತೆಂದರೆ ಕರೆಂಟಿನ ಕಥೆ ಏನಾಗುತ್ತದೆಂದು ಹೇಳಿ ಕೊಡಬೇಕಾಗಿಲ್ಲ. ಹೆದ್ದಾರಿಯಲ್ಲಿ ಒಂದು ಲಾರಿ ಅಡ್ಡ ಬಿದ್ದರೆ ಕಾಪುವಿನಿಂದ ಉಡುಪಿಗೆ ಅರ್ಧ ಗಂಟೆಯ ದಾರಿ ಒಂದೂವರೆ ಗಂಟೆಯಾಗುತ್ತದೆ. ಇಲ್ಲಿ ಇನ್ನೂ ದೊಡ್ಡ ಅನಾಹುತ ಆಗಿಲ್ಲ ಎಂಬುದು ನಮ್ಮ ವ್ಯವಸ್ಥೆಯ ಹೆಚ್ಚುಗಾರಿಕೆಯೋ, ಶ್ರೀಕೃಷ್ಣನ ದಯೆಯೋ?

ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಮಣಿಪಾಲದ ಸ್ವಂತ ಪ್ರವೇಶ ಪರೀಕ್ಷೆ ಕಂಪ್ಯೂಟರಿನಲ್ಲೇ ನಡೆಯುವುದು. ಒಳ್ಳೆಯದೇ, ಪ್ರಶ್ನೆಪತ್ರಿಕೆಯ ಕಟ್ಟು ಹೊರುವ ತಾಪತ್ರಯ ಇಲ್ಲ. ಆದರೆ 2009ರಲ್ಲಿ ಐಐಎಂಗಳ ಕ್ಯಾಟ್ ಪರೀಕ್ಷೆಯನ್ನು ಮೊದಲ ಸಲ ಕಂಪ್ಯೂಟರಿಗೆ ತಂದಾಗ ವೈರಸ್ ಹೊಕ್ಕು ಸಾವಿರಾರು ಮಂದಿಗೆ ಬರೆಯಲಾಗದೆ, ಮುಂದಿನ ಜನವರಿಯಲ್ಲಿ ಮರುಪರೀಕ್ಷೆ ಇಡಬೇಕಾಯಿತು. 2022ರ ಆಗಸ್ಟಿನಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯ ದಿನವೊಂದರಲ್ಲಿ ಒಂದು ಪಾಳಿಯನ್ನೇ ರದ್ದು ಮಾಡಿದರು. ಯಂತ್ರವೂ ಕೈಕೊಡುತ್ತದೆ. ಕೈಕೊಟ್ಟ ಮೇಲೆ ಏನು ಮಾಡುತ್ತೀರಿ ಎಂಬುದು ಪ್ರಶ್ನೆ.

ಮೇಲ್ವಿಚಾರಕರನ್ನು ಬೈದರೆ ಮುಗಿಯಿತೇ?

ಕೊಠಡಿಯ ಮೇಲ್ವಿಚಾರಕರು ಯಾರೆಂದು ಬಲ್ಲಿರಾ? ನಮ್ಮ ನಿಮ್ಮ ಊರಿನ ಮೇಷ್ಟ್ರುಗಳು, ಟೀಚರುಗಳು. ಮೂಲ್ಯಮಾಪನ, ಚುನಾವಣೆ, ಗಣತಿ ಎಂದು ಓಡಾಡುವವರನ್ನೇ ಇದಕ್ಕೂ ಹಾಕುತ್ತಾರೆ. ಒಂದು ಸಭೆ ಕರೆದು ಸೂಚನೆಗಳ ಪುಸ್ತಿಕೆ ಕೊಟ್ಟರೆ ತರಬೇತಿ ಆಯಿತು. ಓಎಂಆರ್ ಹಾಳೆಗೂ ಪ್ರಶ್ನೆಪತ್ರಿಕೆಗೂ ವರ್ಶನ್ ಕೋಡ್ ಹೊಂದಬೇಕು, ಮಕ್ಕಳ ಸಹಿ ಆಗಬೇಕು, ಗುರುತು ತಾಳೆ ನೋಡಬೇಕು, ಕ್ಯಾಮರಾ ತಲೆ ಮೇಲೆ. ಒಂದು ಹೆಚ್ಚುಕಡಿಮೆ ಆದರೆ ನೋಟೀಸು ಅವರಿಗೇ. ಹೆದರಿದವರು ಏನು ಮಾಡುತ್ತಾರೆ? ನಿಯಮದಲ್ಲಿ ಇಲ್ಲದ್ದನ್ನೂ ಸೇರಿಸಿ ಬಿಗಿ ಮಾಡುತ್ತಾರೆ. "ಬಿಟ್ಟು ಬೈಸಿಕೊಳ್ಳುವುದಕ್ಕಿಂತ ತಡೆದು ಬೈಸಿಕೊಳ್ಳುವುದು ವಾಸಿ" ಎಂಬ ಲೆಕ್ಕ. ಬೀದರಿನಲ್ಲಿ ಆದದ್ದರ ಬೇರೂ ಅಲ್ಲೇ ಇದ್ದೀತು.

ಬಿಗಿ ಬೇಡವೆಂದು ನಾವು ಹೇಳುತ್ತಿಲ್ಲ. ಕಾವಲು ಬಿಗಿಯಾದಷ್ಟೂ ಓದಿದ ಮಗುವಿಗೆ ಒಳ್ಳೆಯದು. 2024ರಲ್ಲಿ ಎಸ್ಸೆಸ್ಸೆಲ್ಸಿ ಕೊಠಡಿಗಳಿಗೆ ಕ್ಯಾಮರಾ ಕಟ್ಟಿ ವೆಬ್‌ಕಾಸ್ಟಿಂಗ್ ಮಾಡಿದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89 ಶೇಕಡಾದಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೆ! ಆ ವರ್ಷ ರಾಜ್ಯಕ್ಕೆ ಮೊದಲು ಬಂದ ಜಿಲ್ಲೆ ಯಾವುದು? ನಮ್ಮ ಉಡುಪಿ, 94 ಶೇಕಡಾ. ಮರುವರ್ಷ ದ್ವಿತೀಯ ಪಿಯುಸಿಯಲ್ಲಿ 93.90 ಶೇಕಡಾದೊಂದಿಗೆ ಮತ್ತೆ ಉಡುಪಿಯೇ ಮುಂದೆ. ಕ್ಯಾಮರಾಕ್ಕೆ ನಮ್ಮ ಮಕ್ಕಳು ಹೆದರಿಲ್ಲ.

ಆದ್ದರಿಂದಲೇ ಹೇಳಬೇಕು, ಕಾವಲು ಮಗುವಿನ ಮೇಲೆ ಮಾತ್ರ ಸಾಲದು. ಪರೀಕ್ಷೆ ನಡೆಸುವವರ ಮೇಲೂ ಬೇಕು. ಮಗು ಒಂದು ಚೀಟಿ ತಂದರೆ ಹಿಡಿಯಲು ಜಾಗೃತ ದಳ ಉಂಟು. 2024ರ ಜೂನ್ 21ರಿಂದ ಪ್ರಶ್ನೆಪತ್ರಿಕೆ ಸೋರಿಸುವವರನ್ನು ಜೈಲಿಗೆ ಕಳಿಸುವ ಕೇಂದ್ರದ ಕಾನೂನೂ ಉಂಟು. ಆದರೆ ಪರೀಕ್ಷೆ ನಡೆಸುವವರ ಅಜಾಗ್ರತೆಯಿಂದ ಮಗುವಿನ ಹತ್ತು ನಿಮಿಷ ಹೋದರೆ, ಅದನ್ನು ಅಂದೇ ತುಂಬಿಕೊಡುವ ದಳ ಎಲ್ಲಿದೆ?

ನಮ್ಮ ಬೇಡಿಕೆ ಇಷ್ಟೇ

ಸಿಇಟಿಗೆ ಮುಂಚೆ ಪ್ರತಿ ವರ್ಷ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪೂರ್ವಭಾವಿ ಸಭೆ ನಡೆಯುತ್ತದೆ. ಖಜಾನೆಯಲ್ಲಿ ಪ್ರಶ್ನೆಪತ್ರಿಕೆಯ ಭದ್ರತೆ, ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಜೆರಾಕ್ಸ್ ಅಂಗಡಿ ಬಂದ್, ಇವೆಲ್ಲ ಮಾತಾಗುತ್ತವೆ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆ ಸಭೆಯಲ್ಲಿ ಇನ್ನು ನಾಲ್ಕು ಮಾತು ಸೇರಲಿ.

ಒಂದು, ಏನು ತರಬಾರದು, ಏನು ತೆಗೆಯಬೇಕಾಗಿಲ್ಲ ಎಂಬುದನ್ನು ಒಂದೇ ಹಾಳೆಯಲ್ಲಿ, ತಿಳಿಗನ್ನಡದಲ್ಲಿ ಬರೆದು ಹಿಂದಿನ ದಿನವೇ ಗೇಟಿಗೆ ಅಂಟಿಸಲಿ. ಹಾಳೆಯಲ್ಲಿ ಇಲ್ಲದ್ದನ್ನು ಗೇಟಿನಲ್ಲಿ ಯಾರೂ ಕೇಳಕೂಡದು. ಸಂಶಯ ಬಂದರೆ ಮಗುವನ್ನು ಒಳಗೆ ಕೂರಿಸಿ ಬರೆಯಲು ಬಿಟ್ಟು ಆಮೇಲೆ ವಿಚಾರಿಸಲಿ. ಹೊರಗೆ ನಿಲ್ಲಿಸಿ ವಿಚಾರಿಸುವುದು ಬೇಡ.

ಎರಡು, ಪ್ರತಿ ಕೊಠಡಿಯಲ್ಲಿ ಸರಿಯಾಗಿ ಓಡುವ ಗೋಡೆ ಗಡಿಯಾರ ಇರಲಿ. ವಾಚು ಕಟ್ಟಬಾರದು ಎಂದ ಮೇಲೆ ಹೊತ್ತು ತೋರಿಸುವುದು ನಡೆಸುವವರ ಜವಾಬುದಾರಿ. ನಿಂತ ಗಡಿಯಾರ ಇಟ್ಟು ಎಂಬತ್ತು ಸೆಕೆಂಡಿಗೊಂದು ಪ್ರಶ್ನೆ ಬಿಡಿಸು ಎಂದರೆ ಯಾವ ನ್ಯಾಯ? ಅಂದಿನ ಮಟ್ಟಿಗೆ ಜನರೇಟರು ಬಾಡಿಗೆಗಾದರೂ ತರಿಸಲಿ.

ಮೂರು, ಕಳೆದ ನಿಮಿಷಗಳಿಗೆ ಒಂದು ಪುಸ್ತಕ ಇಡಲಿ. ಕೊಠಡಿಯಲ್ಲಿ ಗೊಂದಲ ಆಯಿತೋ, ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ಸರಿಹೋಯಿತು ಎಂದು ಮೇಲ್ವಿಚಾರಕರು ಅಲ್ಲೇ ಬರೆದು, ಇಬ್ಬರು ಮಕ್ಕಳ ಸಹಿ ಹಾಕಿಸಲಿ. ಇಷ್ಟು ಇದ್ದರೆ 2024ರಂತೆ ಅಂದಾಜಿನ ಸೂತ್ರ ಕಟ್ಟುವ ಅಗತ್ಯ ಇಲ್ಲ.

ನಾಲ್ಕು, ಮತ್ತು ಮುಖ್ಯವಾದದ್ದು. ಹೋದ ನಿಮಿಷವನ್ನು ಅದೇ ದಿನ, ಅದೇ ಬೆಂಚಿನಲ್ಲಿ, ಅಂತಿಮ ಗಂಟೆ ಹೊಡೆಯುವ ಮೊದಲು ವಾಪಸು ಕೊಡುವ ಅಧಿಕಾರ ಕೇಂದ್ರದ ಮುಖ್ಯ ಅಧೀಕ್ಷಕರಿಗೆ ಇರಲಿ. ವೀಕ್ಷಕರ ಒಪ್ಪಿಗೆ ಪಡೆದು, ಪುಸ್ತಕದಲ್ಲಿ ಬರೆದು, ಆ ಕೊಠಡಿಗೆ ಅಷ್ಟೇ ನಿಮಿಷ ಹೆಚ್ಚು ಕೊಡಲಿ. ಅದೂ ಆಗದಂಥ ದೊಡ್ಡ ಅನಾಹುತಕ್ಕೆ ಇನ್ನೊಂದು ಪ್ರಶ್ನೆಪತ್ರಿಕೆ, ಇನ್ನೊಂದು ತಾರೀಕು ಮೊದಲೇ ಗೊತ್ತು ಮಾಡಿ ಇಟ್ಟಿರಲಿ. ಚಂಡಮಾರುತ ಬಂದು ದಯೆ ತೋರಿಸಲಿ ಎಂದು ಕಾಯುವುದು ಬೇಡ. ಕೊನೆಯ ಈ ಮಾತು ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಬೆಂಗಳೂರು-ದಿಲ್ಲಿಯಲ್ಲಿ ಆಗಬೇಕಾದ್ದು. ಅಲ್ಲಿಗೆ ಒತ್ತಿ ಹೇಳುವ ಕೆಲಸವನ್ನು ನಮ್ಮ ಶಾಸಕರು, ಸಂಸದರು ಮಾಡಬಹುದಲ್ಲ?

ಇದಕ್ಕೆಲ್ಲ ಕೋಟಿಗಟ್ಟಲೆ ಹಣ ಬೇಕಿಲ್ಲ. ಒಂದು ಹಾಳೆ, ಒಂದು ಗಡಿಯಾರ, ಒಂದು ಪುಸ್ತಕ, ಸ್ವಲ್ಪ ಧೈರ್ಯ. ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ ಸಿಗುವ ನ್ಯಾಯಕ್ಕಿಂತ ಕೊಠಡಿಯೊಳಗೆ ಸಿಗುವ ಹತ್ತು ನಿಮಿಷ ದೊಡ್ಡದು. ಕಾರ್ಕಳದ ಗೇರುಬೀಜದ ಕಾರ್ಖಾನೆಯ ತಾಯಿಗೆ ದಿಲ್ಲಿಯ ವಕೀಲರ ವಿಳಾಸ ಗೊತ್ತಿಲ್ಲ. ಆಕೆಗೆ ಗೊತ್ತಿರುವುದು ಗೇಟು ತೆರೆಯುವ ಹೊತ್ತು, ಮಗಳ ಮುಖ ನೋಡಿ ಕೇಳುವ ಒಂದೇ ಪ್ರಶ್ನೆ: "ಹೇಗಾಯ್ತು ಮಗಾ?"

ಆ ಪ್ರಶ್ನೆಗೆ "ನಾನು ಓದಿದ್ದು ಸಾಲಲಿಲ್ಲ ಅಮ್ಮ" ಎಂಬ ಉತ್ತರ ಬಂದರೆ ಸಹಿಸಬಹುದು, ಮುಂದಿನ ಸಲ ನೋಡುವಾ ಎನ್ನಬಹುದು. "ಅವರು ಹೊತ್ತು ಕೊಡಲಿಲ್ಲ ಅಮ್ಮ" ಎಂಬ ಉತ್ತರ ಮಾತ್ರ ಬಾರದಿರಲಿ. ಸಂಬಂಧಪಟ್ಟವರು ಮುಂದಿನ ಪರೀಕ್ಷೆಯ ಗಂಟೆ ಹೊಡೆಯುವ ಮೊದಲು ಇತ್ತ ಗಮನ ಹರಿಸುವರೇ?